ಕನ್ನಡಿಗೆ ಕಾಲುಚೀಲ

ನಮ್ಮ ಬೀದಿಯಲ್ಲಿ ಮಣ್ಣೆಂಬುದಿಲ್ಲ. ಮರಳು.
ಕೇಪ್ ಟೌನಿನ ಬೆನ್ನಿಗೆ, ಕಡಲು ಬಿಟ್ಟುಹೋದ ಬಯಲು.
ಆಗ್ನೇಯದ ಗಾಳಿ ಎದ್ದರೆ
ಒಣಹಾಕಿದ ಬಟ್ಟೆಗೂ ಒಲೆಯ ಮೇಲಿನ ಸಾರಿಗೂ
ಒಂದೇ ರುಚಿ.

ಇಂಥಲ್ಲಿ ಗದೀಜಾ, ಶಾಲೆಯ ಗೇಟು ಕಾಯುವವಳು,
ನನ್ನ ಹತ್ತಿರ ಸವೆದ ಟೈರು ಕೇಳಿದಳು. ನಾಲ್ಕು. ಆಮೇಲೆ ಹತ್ತು.
'ಸೂರಕ್ಕಿ ಕರೆಸುತ್ತೇನೆ' ಅಂದಳು,
ನೆಂಟರನ್ನು ಕರೆಸುವ ಹಾಗೆ.

ಆ ಕಡೆ ಕಾಡುಹೂವಿನ ಗುಡ್ಡ, ಈ ಕಡೆ ಕಡಲ ದಿಬ್ಬ,
ನಡುವೆ ನಾವು: ತಗಡು, ತಂತಿ, ಟಾರು.
ಅಷ್ಟು ದೂರ ಒಂದು ಗುಟುಕಿಲ್ಲದೆ ಹಾರಲಾರದಂತೆ
ಹೆಬ್ಬೆರಳಿನಷ್ಟು ಹಕ್ಕಿ.
'ದಾರಿಯಲ್ಲೊಂದು ಅರವಟ್ಟಿಗೆ ಬೇಡವೆ?'
ನಾನು ವ್ಯಾನು ಓಡಿಸುವವನು.
ದಾರಿಯ ಮಾತು ಬಂದರೆ ಎದುರಾಡುವುದಿಲ್ಲ.

ಟೈರಿನೊಳಗೆ ಗಾಡಿಕುದುರೆಯ ಲದ್ದಿ, ಚಹಾದ ಚರಟ,
ಮಕ್ಕಳ ಡಬ್ಬಿಯಲ್ಲುಳಿದ ಸೇಬಿನ ಸಿಪ್ಪೆ.
ನೆಟ್ಟದ್ದು ತುಂಬೆಯ ದೊಡ್ಡಕ್ಕನಂಥ ಗಿಡ,
ಮಜಲು ಮಜಲಾಗಿ ಕಿತ್ತಳೆ ಹೂ;
ಲೋಳೆಸರದ ಬಳಗದ್ದು ಒಂದು, ಕೆಂಪು ಕೋಲು ಹಿಡಿದದ್ದು.

ಮೊದಲು ಬಂದದ್ದು ಬಸವನಹುಳು.
ಅದನ್ನು ತಿನ್ನಲು ಒಂದು ಕಪ್ಪೆ, ಸಂಬಳವಿಲ್ಲದ ಆಳು.
ನೆಲದಡಿಯಿಂದ ಕುರುಡಿಲಿ, ಹಲ್ಲು ತುಟಿಯ ಹೊರಗೆ,
ಒಂದಿಡೀ ಗಿಡವನ್ನು ನಮ್ಮ ಕಣ್ಣೆದುರೇ
ಕೆಳಗೆಳೆದುಕೊಂಡಿತು.
ಗದೀಜಾ ಬೈಯಲಿಲ್ಲ.
'ಕರೆದವರಷ್ಟೇ ಬಂದರೆ ಅದೆಂಥ ಔತಣ?'

ಎರಡು ಚಳಿಗಾಲ. ಸೂರಕ್ಕಿ ಇಲ್ಲ.
ಮುಖ್ಯೋಪಾಧ್ಯಾಯರು ಸೈಕಲ್ ಸ್ಟ್ಯಾಂಡಿನ ಮಾತೆತ್ತಿದರು.
ನಾನೂ, ಸುಳ್ಳೇಕೆ, ತಲೆಯಾಡಿಸಿದೆ.

ಮೂರನೆಯ ಜೂನು. ಎಂಟಕ್ಕೆ ಹತ್ತು ನಿಮಿಷ.
ವ್ಯಾನಿನ ಬಲಗನ್ನಡಿಗೆ ಯಾರೋ ಹರಳು ಹೊಡೆದ ಹಾಗೆ.
ಟಕ್. ಟಕ್ ಟಕ್.
ಹಸಿರು ತಲೆ, ಎದೆಗೆ ಕೆಂಪು ಪಟ್ಟಿ,
ತನ್ನದೇ ಮುಖದ ಜೊತೆ ಗಡಿಜಗಳಕ್ಕೆ ನಿಂತಿತ್ತು.
ಬಂದು ಎಷ್ಟು ಹೊತ್ತಾಗಿತ್ತೋ,
ಆಗಲೇ ಹದಿನಾಲ್ಕು ಟೈರೂ ತನ್ನ ಹೆಸರಿಗೆ.

ಗದೀಜಾಳನ್ನು ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ.
ಅವಳೇ ಬಂದಳು, ಕೈಯಲ್ಲಿ ಬೀಗದ ಗೊಂಚಲು.
ನೋಡಿದಳು. ಕಣ್ಣೊರೆಸಿಕೊಳ್ಳುತ್ತಾಳೆ ಅಂದುಕೊಂಡೆ.
'ನಿನ್ನ ಕಾಲುಚೀಲ ಬಿಚ್ಚು' ಅಂದಳು.
'ಕೊಕ್ಕು ಮುರಿದುಕೊಳ್ಳುತ್ತದೆ. ಬಿಚ್ಚು ಬೇಗ.'

ಅಂದಿನಿಂದ ಗೇಟಿನ ಮುಂದೆ ನಿಂತಷ್ಟು ಹೊತ್ತು
ಕನ್ನಡಿಗೆ ಬೂದು ಉಣ್ಣೆಯ ಮುಸುಕು.
ಇವತ್ತು ತೆಗೆಯುವುದು ಮರೆತು ಹೆದ್ದಾರಿ ಹತ್ತಿದ್ದೇನೆ.
ಹದಿನೈದು ಜನ ಒಳಗೆ,
ಯಾವನೋ ಹಾರ್ನು ಬಡಿಯುತ್ತಿದ್ದಾನೆ,
ಬಲಗಾಲಿಗೆ ಚಳಿ,
ಹಿಂದೆ ಏನು ಬರುತ್ತಿದೆಯೋ ಕಾಣುತ್ತಿಲ್ಲ.