ಕಿವಿಯ ಹಿಂದೆ

ಹನ್ನೊಂದು ವರ್ಷ ನನ್ನನ್ನು ಕ್ವೈನ್ ಎಂದೇ ಕರೆದರು,
ಪೀಟರ್‌ಹೆಡ್ಡಿನವರ ಬಾಯಲ್ಲಿ ಅದು ಹುಡುಗಿ.
ಹೋದ ಮಂಗಳವಾರ ಹೊಸದಾಗಿ ಸೇರಿದ ಪೋರನೊಬ್ಬ
ಐಸಿನ ಪೆಟ್ಟಿಗೆ ಎಳೆಯುತ್ತ
"ಸ್ವಲ್ಪ ಸರಿರಿ, ಮಿಸೆಸ್" ಅಂದ.
ಸರಿದೆ.
ಸರಿದವಳು ಮಧ್ಯಾಹ್ನ ಸೀದಾ ಹೋಗಿ ನಿಂತದ್ದು
ಮಾರ್ಷಲ್ ಸ್ಟ್ರೀಟಿನ ಔಷಧಿ ಅಂಗಡಿಯಲ್ಲಿ.
ಕೈಯ ವಾಸನೆ ಹೋಗಲೆಂದು ನಿಂಬೆಹಣ್ಣು ತಿಕ್ಕಿದ್ದೆ.
ಹೋಗಿರಲಿಲ್ಲ.

ಗಾಜಿನ ಕಪಾಟಿನ ತುಂಬ ಡಬ್ಬಿಗಳು,
ಕುಂಕುಮದ ಭರಣಿಗಿಂತ ತುಸು ದೊಡ್ಡವು,
ಬೆಲೆ ಮಾತ್ರ ಒಂದು ಪೆಟ್ಟಿಗೆ ಹ್ಯಾಡಕ್ ಮೀನಿನದು.
ಒಂದರಲ್ಲಿ ಬಸವನಹುಳದ ಲೋಳೆ,
ಒಂದರಲ್ಲಿ ಕಡಲ ಪಾಚಿ,
ಇನ್ನೊಂದರ ಮೇಲೆ ಬರೆದಿತ್ತು: ಮೀನಿನ ಕೊಲಾಜೆನ್.
ನಗು ಬಂತು.
ನಾವು ಸುಲಿದು ಬಿಸಾಡಿದ್ದು
ಎಲ್ಲೆಲ್ಲೋ ತಿರುಗಿ, ಚಿನ್ನದ ಮುಚ್ಚಳ ಹಾಕಿಕೊಂಡು
ನನ್ನ ಮುಂದೆಯೇ ಬಂದು ಕೂತಿದೆ.

ಏಲಿ ಎಂಬವಳು ಬಂದಳು. ಎದೆಯ ಬಿಲ್ಲೆಯಲ್ಲಿ
ಅವಳ ಹೆಸರು ಉದ್ದಕ್ಕಿತ್ತು; ಕೊನೆಯ ಎರಡಕ್ಷರ
ಬರೆಯಲಿಕ್ಕಷ್ಟೇ, ಹೇಳಲಿಕ್ಕಲ್ಲವಂತೆ.
"ನಿಮ್ಮ ಚರ್ಮ ಯಾವ ಬಗೆ?" ಎಂದಳು.
ಒಂದು ಗಳಿಗೆ ಬೆದರಿದೆ,
ಊರಿನಲ್ಲಿ ಆ ಪ್ರಶ್ನೆಗೆ ಬೇರೆಯೇ ಉತ್ತರವಿತ್ತು.
ಪಾಪ, ಅವಳು ಕೇಳಿದ್ದು
ಒಣವೋ, ಎಣ್ಣೆಯೋ, ಎರಡೂ ಬೆರೆತದ್ದೋ ಅಂತ.
ಎಣ್ಣೆ ಅಂದರೆ ನನಗೆ ಬೂತಾಯಿ.
ಒಣ ಅಂದರೆ ಮಳೆಗಾಲಕ್ಕೆಂದು ಎತ್ತಿಟ್ಟ ಸಿಗಡಿ.
ಬೆಳಗಿನ ನಾಲ್ಕರಿಂದ ಮಂಜುಗಡ್ಡೆಯ ಮೇಲೆ ಬಗ್ಗಿ,
ಬಡಗಣ ಕಡಲಿನ ಗಾಳಿ ಉಜ್ಜಿ ಉಜ್ಜಿ ಬಿಟ್ಟ ಮುಖ
ಯಾವ ಪೆಟ್ಟಿಗೆಗೆ ಸೇರುತ್ತದೆ?

"ಎರಡೂ" ಅಂದೆ.

ಮುಂಗೈ ಮೇಲೆ ಮೂರು ಬೊಟ್ಟು ಇಟ್ಟಳು.
ಮೊದಲನೆಯದು ಬಿಸಿಲು ತಡೆಯುತ್ತದಂತೆ
(ಇಲ್ಲಿ ಬಿಸಿಲೆಲ್ಲಿ ಎಂದು ಕೇಳಲಿಲ್ಲ);
ನನ್ನ ಕಂದು ಕೈಯ ಮೇಲೆ ಅದು
ಒಲೆಯ ಬೂದಿ ಬಳಿದ ಹಾಗೆ ಕೂತಿತು.
ಎರಡನೆಯದರಲ್ಲಿ ಮದುವೆ ಮನೆಯ ಪನ್ನೀರು;
ಸೂಕ್ಷ್ಮ ಚರ್ಮಕ್ಕೆ ಸುಗಂಧ ಬೇಡ ಎಂದು ಅವಳೇ ಒರೆಸಿದಳು.
ಮೂರನೆಯದು ರೆಟಿನಾಲ್. ಒಂದು ಪುಟ್ಟ ಪೊಟ್ಟಣ ಕೈಗಿತ್ತು,
"ಇದು ಕೆಲಸ ಮಾಡುತ್ತೆ. ಆದರೆ ಮೊದಲು
ಕಿವಿಯ ಹಿಂದೆ ಒಂಚೂರು ಹಚ್ಚಿ, ಕಾದು ನೋಡಿ.
ಕೆಂಪಾದರೆ ಬೇಡ."

ಕಿವಿಯ ಹಿಂದೆ.

ಅಮ್ಮ ಗಂಗೊಳ್ಳಿಯ ದಕ್ಕೆಯಲ್ಲಿ ಬುಟ್ಟಿ ಇಳಿಸಿ
ಕಲಿಸಿದ್ದು ಒಂದೇ ಪಾಠ:
"ಮೋರೆ ಕಾಂಬುದಲ್ಲ ಹೆಣೆ, ಕಿವಿರು ಕಾಣ್.
ನೀರು ಹೊಡದ್ರೆ ಹಳೆ ಮೀನೂ ಹೊಳೀತ್.
ಕಿವಿರು ಸುಳ್ ಹೇಳುದಿಲ್ಲೆ.
ಕೆಂಪಿದ್ರೆ ತಾಜಾ."
ಅದೇ ಪಾಠವನ್ನು ಇಲ್ಲಿ ಇಂಗ್ಲಿಷಿನಲ್ಲಿ ಬರೆದು
ಪಾಸಾಗಿ, ಬಿಳಿ ಕೋಟು ತೊಟ್ಟು
ಇ, ಎ, ಬಿ ಅಂತ ಚೀಟಿ ಅಂಟಿಸುತ್ತೇನೆ.
ಅಮ್ಮ ಮುಖಕ್ಕೆ ಹಚ್ಚುತ್ತಿದ್ದದ್ದು ಕೊಬ್ಬರಿ ಎಣ್ಣೆ,
ಅದೂ ನನ್ನ ತಲೆಗೆ ಹಚ್ಚಿ ಕೈಯಲ್ಲುಳಿದದ್ದು.

ರಾತ್ರಿ ಸಾಸಿವೆ ಕಾಳಿನಷ್ಟು ಹಚ್ಚಿಕೊಂಡು ಮಲಗಿದೆ.
ಮೂರಕ್ಕೆ ಅಲಾರಾಂ. ಉರಿ.
ಬಚ್ಚಲ ಕನ್ನಡಿಗೆ ಬೆನ್ನು ಹಾಕಿ,
ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು
ಕಿವಿ ಮಡಚಿ ನೋಡಿದರೆ
ಆಗಷ್ಟೇ ಬಲೆಯಿಂದ ಬಿಡಿಸಿದ ಬಂಗುಡೆಯ ಹಾಗೆ
ಕಡುಗೆಂಪು.

ಏಲಿಯ ಲೆಕ್ಕದಲ್ಲಿ ನಾನು ಫೇಲು.
ಅಮ್ಮನ ಲೆಕ್ಕದಲ್ಲಿ...
ಬಿಡಿ. ಐವತ್ತೆರಡಕ್ಕೆ ಇ ದರ್ಜೆ ಕೊಟ್ಟುಕೊಳ್ಳುವಷ್ಟು
ತಲೆ ಕೆಟ್ಟಿಲ್ಲ ನನಗೆ.
ಸಂಜೆ ಹೋಗಿ, ಕೆಳಗಿನ ಹಲಗೆಯಿಂದ
ವಾಸನೆಯಿಲ್ಲದ, ಬಣ್ಣವಿಲ್ಲದ,
ಹೆಸರೂ ನೆನಪಿಲ್ಲದ ಒಂದು ದೊಡ್ಡ ಡಬ್ಬಿ ತಂದೆ.
ನಾಲ್ಕೂವರೆ ಪೌಂಡು. ಸುಕ್ಕಿನ ಬಗ್ಗೆ
ಅದರ ಮೇಲೆ ಒಂದು ಮಾತೂ ಇಲ್ಲ,
ಗಾಳಿಗೆ ಒಡೆಯುವುದಿಲ್ಲ ಅಂತಷ್ಟೇ ಬರೆದಿದೆ.

ಇವತ್ತು ಹರಾಜಿಗೆ ಮುಂಚೆ ಆ ಪೋರ
ಒಂದು ಹ್ಯಾಡಕ್ ಎತ್ತಿ, ಕಣ್ಣು ನೋಡಿ,
"ತಾಜಾ" ಅಂದ.
ಅವನ ಹೆಬ್ಬೆರಳು ಹಿಡಿದು
ಕಿವಿರಿನ ಮುಚ್ಚಳ ಎತ್ತಿಸಿದೆ. ಕಂದು.
"ಇಲ್ಲಿ ನೋಡ್ಬೇಕು ಮಗಾ."
"ಸರಿ, ಮಿಸೆಸ್" ಅಂದ,
ಮತ್ತೆ ಪೆಟ್ಟಿಗೆ ಎಳೆಯುತ್ತ ಬಂದ.
ಈ ಸಲ ನಾನು ಸರಿಯಲಿಲ್ಲ.