ಏಳನೇ ನಂಬರು

ಮೊದಲು ಚಿಪ್ಪು ಒರೆಸಬೇಕು.
ಪಸೆ ಇದ್ದರೆ ಮೇಣ ಹಿಡಿಯುವುದಿಲ್ಲ.
ಕೀಲಿನಿಂದ ಎರಡು ಎಳ್ಳುಕಾಳಿನಷ್ಟು ಕೆಳಗೆ
ಅದರ ಎದೆ.
ಕಣ್ಣಿಗೆ ಕಾಣದ ಬೆಳಕೊಂದನ್ನು ಅಲ್ಲಿಗೆ ಬಿಟ್ಟು
ಕೈಕಟ್ಟಿ ಕೂರಬೇಕು.
ಪರದೆಯ ಮೇಲೆ ಮೊದಲು ಬರೀ ಗೀಚು,
ಮೀನುಪೇಟೆಯ ಗಲಾಟೆ.
ಆಮೇಲೆ ಒಂದು ದಿಬ್ಬ, ಒಂದು ತಗ್ಗು,
ಮತ್ತೊಂದು ದಿಬ್ಬ.
ನಿಮಿಷಕ್ಕೆ ಹದಿನೆಂಟು.

ಕೋಡಿಬಾಗದ ಕಟ್ಟಡದಲ್ಲಿ ಕೊನೆಯ ಕೋಣೆ ನನ್ನದು.
ಬಾಗಿಲ ಮೇಲೆ 'ಶರೀರಕ್ರಿಯಾ ವಿಭಾಗ' ಅಂತಿತ್ತು,
ಕಡಲಗಾಳಿಗೆ 'ಕ್ರಿಯಾ' ಉದುರಿದೆ.
ಹೊಸ ಹುಡುಗರು ಹೆಣದ ಕೋಣೆಯೆಂದು ದೂರದಿಂದಲೇ ಹೋಗುತ್ತಾರೆ.
ಒಳಗೆ ಹನ್ನೊಂದು ತಿಸರೆ,
ಬೆನ್ನ ಮೇಲೆ ನಂಬರು, ನನ್ನದೇ ಉಗುರುಬಣ್ಣದಲ್ಲಿ.
ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ,
ಬಣ್ಣ ಮಾತ್ರ ಇನ್ನೂ ಅರ್ಧ ಸೀಸೆ ಇದೆ.

ನಾನು ಮುಂಡಗೋಡದವಳು. ಉಪ್ಪೆಂದರೆ ನನಗೆ
ಅವ್ವನ ಗಡಿಗೆಯ ಹರಳು.
ಇಲ್ಲಿ ಅದನ್ನು ಅಳೆದು ಇಳಿಸುತ್ತೇನೆ:
ಮೂವತ್ತು, ಇಪ್ಪತ್ತು, ಹತ್ತು, ಐದು.
ಇಳಿದಂತೆ ಒಂದೊಂದೇ ಬಾಯಿ ಮುಚ್ಚುತ್ತವೆ.
ಹದಿನೆಂಟು ನಾಲ್ಕಾಗುತ್ತದೆ, ಎರಡಾಗುತ್ತದೆ,
ಗೆರೆ ಮಲಗುತ್ತದೆ.
ಮೊದಲ ಸಲ ಕೊಂದೆನೆಂದು ಅತ್ತಿದ್ದೆ.
ಬಾಂದೇಕರ ಸರ್ ಕನ್ನಡಕ ಒರೆಸುತ್ತ ಹೇಳಿದ್ದರು:
'ಸತ್ತಿಲ್ಲ, ಕಾಯ್ತಾ ಇದೆ. ನೀನೂ ಕಾಯಿ.'

ಏಳನೇ ನಂಬರು ಕಾಯಲಿಲ್ಲ.
ಐದಕ್ಕಿಳಿಸಿದರೂ ಬಾಯಿ ತೆರೆದೇ ಇತ್ತು,
ನಾಲಿಗೆಯಂಥ ಕಾಲು ಹೊರಗೆ,
ನಿಮಿಷಕ್ಕೆ ಹದಿನೇಳು.
ಅಣಕಿಸಿದ ಹಾಗೆ.
ಮೇಣ ಬದಲಿಸಿದೆ, ತಂತಿ ಬದಲಿಸಿದೆ,
ಕರೆಂಟು ಹೋದ ರಾತ್ರಿ
ಬ್ಯಾಟರಿ ಹಚ್ಚಿ ಮತ್ತೆ ನೋಡಿದೆ.
ಹದಿನೇಳು.
'ಕೈಬಿಡು,' ಅಂದರು ಸರ್. 'ಹತ್ತು ಸಾಕು.
ಜೂನಿಗೆ ನನ್ನ ನಿವೃತ್ತಿ, ಮಾರ್ಚಿಗೆ ಮುಗಿಸು.'
ಏಳರ ಸುತ್ತ ಒಂದು ಸುತ್ತು ಹಾಕಿದರು,
ಪೆನ್ನಿನಲ್ಲಲ್ಲ, ಪೆನ್ಸಿಲ್ಲಿನಲ್ಲಿ.
ಆ ಪೆನ್ಸಿಲ್ ನನ್ನನ್ನು ನಿದ್ದೆಗೆಡಿಸಿತು.

ಶುಕ್ರವಾರ ಹೊನ್ನಮ್ಮ ಅಂಬಿಗ ಬಂದಳು,
ತಿಸರೆಯ ಬಾಕಿ ಕೇಳಲು.
ಕೊಡಲು ಇರಲಿಲ್ಲ, ಕೂರಿಸಿ ಚಹ ಕೊಟ್ಟೆ.
ಅವಳು ತೊಟ್ಟಿಗೆ ಕೈಹಾಕಿ ಸೀದಾ ಅದನ್ನೇ ಎತ್ತಿದಳು.
ಹೆಬ್ಬೆರಳಲ್ಲಿ ತಿಕ್ಕಿ, ಮೂಸಿ, ನಕ್ಕಳು.
'ಇದು ಇಲ್ಲೀದಲ್ಲ ಬಾಯೇ.
ನೀ ಹನ್ನೊಂದು ಅಂದಿದ್ದೆ, ಬುಟ್ಟೀಲಿ ಹತ್ತೇ ಇತ್ತು,
ಕಿನ್ನರದ ತಂಗಿ ಹತ್ರ ಒಂದು ಇಸ್ಕೊಂಡೆ.
ಮೇಲಿನ ಹೊಳೇದು, ಕಪ್ಪು ನೋಡು ಅಂಚಿಗೆ.
ಕದ್ರಾದಲ್ಲಿ ಗೇಟು ಎತ್ತಿದಾಗೆಲ್ಲ ಸೀನೀರು ಕುಡಿದು ಬೆಳೆದದ್ದು.
ಪ್ರತಿ ಸಲ ಬಾಯಿ ಮುಚ್ಕೊಂಡು ಕೂತ್ರೆ
ಉಣ್ಣೋದು ಯಾವಾಗ?'

ನಾಲ್ಕು ವರ್ಷ ಓದಿದ ಯಾವ ಪುಟದಲ್ಲೂ
ಈ ಪ್ರಶ್ನೆ ಹೀಗೆ ಇರಲಿಲ್ಲ.

ಸುತ್ತನ್ನು ಅಳಿಸಿದೆ. ಕಾಗದದಲ್ಲಿ ತಗ್ಗು ಉಳಿಯಿತು,
ಬೆರಳಾಡಿಸಿದರೆ ಸಿಗುತ್ತದೆ.
ಕಿನ್ನರದಿಂದ ನಲವತ್ತು ಬೇಕು, ಸರ್, ಅಂದೆ.
ಬೇಸಗೆಯದು ಬೇರೆ, ಮಳೆಗಾಲದ್ದು ಬೇರೆ.
ಮಾರ್ಚಿಗೆ ಆಗುವುದಿಲ್ಲ.
ಅವರು ಬಹಳ ಹೊತ್ತು ಕಿಟಕಿಯಾಚೆ ಕಾಳಿಯನ್ನು ನೋಡಿದರು.
ಮೂವತ್ತು ವರ್ಷ ನೋಡಿದ ಹೊಳೆ.
'ದೋಣಿಗೆ ಎಷ್ಟು ಕೇಳ್ತಾರಂತೆ?' ಅಂದರು.

ರಾತ್ರಿ ಅವ್ವನ ಫೋನು.
'ಮುಗೀತೇನ ನಿನ್ನ ಸಾಲಿ?'
ಇನ್ನೊಂದು ವರ್ಷ, ಅಂದೆ.
ಅವಳು ಮಾತಾಡಲಿಲ್ಲ.
ಆ ಕಡೆ ಉಸಿರು ಏರಿ ಇಳಿಯುವುದು ಕೇಳುತ್ತಿತ್ತು.
ಎಣಿಸುತ್ತಿದ್ದೆನೆಂದು ಆಮೇಲೆ ಗೊತ್ತಾಗಿ
ನಾಚಿಕೆಯಾಯಿತು.

ಹೊನ್ನಮ್ಮನಿಗೆ ಬಾಕಿ ಮುನ್ನೂರ ಅರವತ್ತು.
ಅದು ಇನ್ನೂ ಹಾಗೇ ಇದೆ.