ಒಂದು ಕೊಂಬು

ಜೋಗುಪಾಳ್ಯದ ಬೇಕರಿಯ ಮೇಲಿನ ಮಾಳಿಗೆ.
ಕೆಳಗೆ ದಿಲ್‌ಪಸಂದ್ ಬೇಯುವ ಹೊತ್ತಿಗೆ
ಮೇಲೆ ನಮ್ಮ ಶನಿವಾರದ ಕಚೇರಿ.
ಎಂಟು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಸೀಳಿದೆ,
ಅದರಲ್ಲಿ ಕೂರುವವನು ನಾನು:
ಹದಿನೇಳು ವರ್ಷ ಪಲ್ಟಣದಲ್ಲಿ ಗುಮಾಸ್ತ,
ಈಗ ಶಾಸಕಿ ವಿಜಯವಲ್ಲಿಯವರ ಕಾಗದ ಬರೆಯುವವ.

ಮುನಿರತ್ನಮ್ಮ ಬಂದದ್ದು ಆಷಾಢದಲ್ಲಿ,
ಮರ್ಫಿ ಟೌನಿನಿಂದ ನಡೆದೇ.
ಕಂಕುಳಲ್ಲಿ ಸೀರೆ ಅಂಗಡಿಯ ಚೀಲ,
ಚೀಲದೊಳಗೆ ಗಂಡ.
ಅಂದರೆ, ಡಿಸ್ಚಾರ್ಜ್ ಪುಸ್ತಕ, ಮೂರು ಪದಕ, ಮರಣಪತ್ರ,
ಬ್ಯಾಂಕು ವಾಪಸು ಕೊಟ್ಟ ಅರ್ಜಿ.
ಲ್ಯಾನ್ಸ್ ನಾಯಕ್ ಪಿಳ್ಳಪ್ಪ, ಸೇತುವೆ ಕಟ್ಟುವ ದಳ.
ಹಿಮದ ಹೊಳೆಗಳ ಮೇಲೆ ರಾತ್ರೋರಾತ್ರಿ ಕಬ್ಬಿಣ ಹಾಸಿದವರು,
ಆಮೇಲೆ ಹನ್ನೊಂದು ವರ್ಷ
ಇಂದಿರಾನಗರದ ಎಟಿಎಂ ಮುಂದೆ, ಸ್ಟೂಲಿನ ಮೇಲೆ.

ದಾಖಲೆಯಲ್ಲಿ ಹೆಂಡತಿಯ ಹೆಸರು ಮನಿರತ್ನಮ್ಮ.
ಮುನಿ ಹೋಗಿ ಮನಿ.
ಇಂಗ್ಲಿಷಿನಲ್ಲಿ ಒಂದು ಅಕ್ಷರ,
ನಮ್ಮಲ್ಲಿ ಅಕ್ಷರವೂ ಅಲ್ಲ, ಬರೀ ಒಂದು ಕೊಂಬು.
ಅವರು ತೀರಿಕೊಂಡು ಹದಿನಾಲ್ಕು ತಿಂಗಳು,
ಪಿಂಚಣಿ ಇಲ್ಲ.
‘ನೀವು ಅವರಲ್ಲ’ ಅಂದನಂತೆ ಕೌಂಟರಿನ ಹುಡುಗ,
ತುಂಬ ಮರ್ಯಾದೆಯಿಂದ.
‘ಹೆಸರಲ್ಲಿ ಮನಿ ಬಂತು, ಕೈಗೆ ಬರಲಿಲ್ಲ’ ಎಂದು
ಚಹಾ ತಂದ ಬೇಕರಿಯವನು ನಕ್ಕ. ನಾನು ನಗಲಿಲ್ಲ.
ಆಮೇಲೆ ಮೆಟ್ಟಿಲಲ್ಲಿ ನಕ್ಕೆ.

ಮೇಡಂ ಕನ್ನಡಕ ಹಣೆಗೇರಿಸಿ ಓದಿದರು.
‘ಇದು ನನ್ನ ಕೈಲಿಲ್ಲಮ್ಮ, ದಿಲ್ಲಿಯ ಬಾಬತ್ತು.
ನಾನು ಚರಂಡಿ, ಬೀದಿದೀಪದ ಶಾಸಕಿ.’
ಮುನಿರತ್ನಮ್ಮ ಎದ್ದು ಚೀಲ ಮಡಿಚುವಾಗ
‘ಇಟ್ಟು ಹೋಗಿ’ ಎಂದರು.

ಆರು ಪತ್ರ ಬರೆದೆ. ಮೂರಕ್ಕೆ ಉತ್ತರ ಬಂತು,
ಮೂರರಲ್ಲೂ ಒಂದೇ ವಾಕ್ಯ.
ಸದನದಲ್ಲಿ ಕೇಳಿದರು: ಸೈನಿಕರ ಮನೆಯವರ ಹೆಸರು ತಿದ್ದಿಸಲು
ಜಿಲ್ಲೆಗೊಬ್ಬರಾದರೂ ಇದ್ದಾರೆಯೇ?
ಆ ದಿನ ಬೇರಾವುದಕ್ಕೋ ಗಲಾಟೆ, ಎಲ್ಲರೂ ಬಾವಿಗಿಳಿದಿದ್ದರು.
‘ಉತ್ತರವನ್ನು ಮಂಡಿಸಲಾಗಿದೆ.’
ಆಗಸ್ಟ್ ಹದಿನೈದಕ್ಕೆ ಶಾಲು, ಪೇಟ,
ಸೈನಿಕರ ಹೆಂಡಂದಿರಿಗೆ ಸ್ಟೀಲಿನ ತಟ್ಟೆ.
ಆ ಫೋಟೋದಲ್ಲಿ ಮೇಡಂ ನಗುತ್ತಿದ್ದಾರೆ.
ಅದನ್ನೂ ಬರೆಯಬೇಕು, ಬಿಟ್ಟರೆ ಸುಳ್ಳಾಗುತ್ತದೆ.

ಕೊನೆಗೊಂದು ಮಂಗಳವಾರ
ಮೂವರೂ ಆಟೋದಲ್ಲಿ, ಹಲಸೂರು ಕೆರೆಯ ದಡಕ್ಕೆ.
ದಾಖಲೆ ಕಚೇರಿಯ ಗೇಟಿನಲ್ಲಿ
ಈಗಷ್ಟೇ ಮೀಸೆ ಮೂಡುತ್ತಿರುವ ಕಾವಲಿನ ಹುಡುಗ:
‘ಎಮ್ಮೆಲ್ಲೆ? ಪಾಸ್?’
ಹಿಂದಿನಿಂದ ಯಾರೋ ಗೊಣಗಿದರು,
‘ಇವರಿಗೇನು ಕೊಂಬಿದೆಯಾ, ಸಾಲಲ್ಲಿ ನಿಲ್ಲಲಿ.’
ನಿಂತರು. ಒಂದೂಮುಕ್ಕಾಲು ಗಂಟೆ.
ಕೊಂಬಿಲ್ಲದ ಇಬ್ಬರು ಹೆಂಗಸರು
ಒಂದೇ ಕೊಡೆಯಡಿ.

ಒಳಗೆ ಮೂಲ ನಮೂನೆ ತೆಗೆಸಿದಾಗ
ಕೈಬರಹ ನೋಡಿ ನನ್ನ ಬೆನ್ನು ತಣ್ಣಗಾಯಿತು.
ನನ್ನದಲ್ಲ. ನನ್ನದಾಗಬಹುದಿತ್ತು.
ನಾನೂ ಹೀಗೇ, ತಲೆಯೆತ್ತದೆ ಕೇಳುತ್ತಿದ್ದೆ,
‘ಹೆಂಡತಿ ಹೆಸರು? ಹ್ಞೂಂ, ಮುಂದೆ ನಡಿ.’

ಕೆರೆಯ ಬದಿ ಬರುವಾಗ ಆಕೆಯೇ ಹೇಳಿದ್ದು:
‘ಒಂದಿನವೂ ಹೆಸರಿಡಿದು ಕರೆದವರಲ್ಲ ಸ್ವಾಮಿ,
ಇವಳೇ ಅನ್ನೋರು.
ಕಾಗದದಲ್ಲೂ ಇವಳಿಗೆ ಅಂತಲೇ.
ಆವತ್ತು ನಾಲ್ಕು ಗಂಡಸರ ಮುಂದೆ
ಮೊದಲ ಸಲ ಹೇಳಿರಬೇಕು.
ನಾಚಿಕೊಂಡು ಅರ್ಧ ನುಂಗಿರಬೇಕು.’

ಮೇಡಂ ಕೊಡೆ ಮಡಿಚಿದರು, ಏನೂ ಅನ್ನಲಿಲ್ಲ.

ಕಾರ್ತಿಕದಲ್ಲಿ ತಿದ್ದುಪಡಿ ಬಂತು.
ಹಿಂದಿನ ಬಾಕಿ ಬಂದಿಲ್ಲ,
ಏಳನೆಯ ಪತ್ರ ಹೋಗಿದೆ.

ಮೊನ್ನೆ ಶನಿವಾರ ಮುನಿರತ್ನಮ್ಮನ ಜೊತೆ
ಇನ್ನೊಬ್ಬಾಕೆ, ಇನ್ನೊಂದು ಚೀಲ.
ನೆಟ್ಟಗಿರುವ ಕುರ್ಚಿಯಲ್ಲಿ ಕೂರಿಸಿದೆ.
ಪೆನ್ನು ಕೆಳಗಿಟ್ಟು, ತಲೆಯೆತ್ತಿ,
‘ನಿಮ್ಮ ಹೆಸರು ಹೇಳಿ’ ಎಂದೆ.
‘ಇನ್ನೊಂದು ಸಲ. ನಿಧಾನವಾಗಿ.’